ಅಳುವವರ ಯಾದಿ

ಕಲಾವಿದರೊಬ್ಬರು ತೀರಿಕೊಂಡ ಸುದ್ದಿ ಬಂದ ದಿನ ನಾನು ಮೊದಲು ಮಾಡುವ ಕೆಲಸ ಕ್ರಿಯಾಪದಗಳನ್ನು ತಿದ್ದುವುದು. ‘ಹಾಡುತ್ತಾರೆ’ ಎಂದಿದ್ದದ್ದು ‘ಹಾಡುತ್ತಿದ್ದರು’ ಆಗುತ್ತದೆ. ‘ವಾಸವಾಗಿದ್ದಾರೆ’ ಎಂದಿದ್ದದ್ದು ‘ವಾಸವಾಗಿದ್ದರು’ ಆಗುತ್ತದೆ. ಹೆಚ್ಚೆಂದರೆ ಹತ್ತು ಹನ್ನೆರಡು ನಿಮಿಷದ ಕೆಲಸ. ವಯಸ್ಸಾದ ಸಂಗೀತ ನಿರ್ದೇಶಕರು, ಸಿನಿಮಾ ನಟ ನಟಿಯರು, ನಾಟಕ ಕಂಪನಿಗಳಲ್ಲಿ ಆಯುಷ್ಯ ಕಳೆದವರು, ಇಂಥವರ ಬಗ್ಗೆ ಅವರು ಇರುವಾಗಲೇ ಒಂದೊಂದು ಪುಟ ಬರೆದಿಟ್ಟುಕೊಳ್ಳುವುದು ನನ್ನ ರೂಢಿ. ಪತ್ರಿಕಾ ಕಚೇರಿಗಳಲ್ಲಿಯೂ ಹೀಗೇ ಮಾಡುತ್ತಾರೆಂದು ಧಾರವಾಡದಲ್ಲಿ ಎಂ.ಎ. ಓದುವಾಗ ಕೇಳಿದ್ದೆ. ಅದರಲ್ಲಿ ನನಗೆ ತಪ್ಪೇನೂ ಕಂಡಿರಲಿಲ್ಲ.

ನಾನಿರುವುದು ರೋಣದಲ್ಲಿ, ಅವ್ವನ ಜೊತೆ. ನರಗುಂದದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ವರ್ಷಕ್ಕೊಮ್ಮೆ ಗಜೇಂದ್ರಗಡದ ಕೆಲವು ಕಲಾಸಕ್ತರು ಕೂಡಿ, ಆ ವರ್ಷ ಅಗಲಿದ ಕಲಾವಿದರಿಗೆ ನುಡಿನಮನ ಇಟ್ಟುಕೊಳ್ಳುತ್ತಾರೆ. ಒಬ್ಬೊಬ್ಬರಿಗೂ ಒಂದು ಫೋಟೊ, ಒಂದು ಹಣತೆ, ನಾನು ಓದುವ ಒಂದು ಪುಟ, ಕೊನೆಗೆ ಅವರದೇ ದನಿಯ ಒಂದು ತುಣುಕು. ಯಾದಿ ಮಾಡುವುದು, ಬರೆಯುವುದು, ಓದುವುದು ಮೂರೂ ನನ್ನ ಪಾಲಿಗೆ ಬಂದು ನಾಲ್ಕು ವರ್ಷವಾಯಿತು. ನಮ್ಮ ಓಣಿಯಲ್ಲಿ ನನಗೆ ‘ಶ್ರದ್ಧಾಂಜಲಿ ಟೀಚರ್’ ಎಂಬ ಅಡ್ಡಹೆಸರಿದೆ. ಹಿರಿಯ ನಟರೊಬ್ಬರು ದವಾಖಾನೆ ಸೇರಿದರೆಂದು ಟಿ.ವಿ.ಯಲ್ಲಿ ಬಂದರೆ ಸಾಕು, ಎದುರುಮನೆಯ ಕಾಕು ಕಟ್ಟೆಯ ಮೇಲೆ ಕುಳಿತೇ ಕೇಳುತ್ತಾರೆ: “ನಿಂದು ತಯಾರಿ ಆತೇನವಾ?”

ದನಿಯ ತುಣುಕುಗಳನ್ನು ನಾನು ಬಸ್ಸಿನಲ್ಲಿ ಕತ್ತರಿಸುತ್ತೇನೆ. ರೋಣದಿಂದ ನರಗುಂದದ ತನಕ ಇಯರ್‌ಫೋನ್ ಹಾಕಿಕೊಂಡು ಕುಳಿತರೆ ಯಾರೂ ಮಾತಾಡಿಸುವುದಿಲ್ಲ. ಹಾಡಿಗಿಂತ ಹಾಡಿಗೆ ಮುಂಚಿನ ಉಸಿರು ನನಗೆ ಹೆಚ್ಚು ಕೇಳಿಸುತ್ತದೆ. ಒಬ್ಬ ಸಂಗೀತ ನಿರ್ದೇಶಕರು ಮನೆಯಲ್ಲಿ ರಾಗ ಕೂಡಿಸುತ್ತ ರೆಕಾರ್ಡ್ ಮಾಡಿಕೊಂಡಿದ್ದ ತುಣುಕೊಂದು ನನ್ನಲ್ಲಿದೆ. ಗುನುಗುತ್ತಾರೆ, ಕುರ್ಚಿ ಕಿರುಗುಟ್ಟುತ್ತದೆ, ಹಿಂದೆ ಯಾರೋ ಪಾತ್ರೆ ಕೆಳಗಿಡುತ್ತಾರೆ, ‘ಇನ್ನೊಮ್ಮೆ’ ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಅವರು ಹೋಗಿ ವಾರವಾಗಿತ್ತು. ಆ ‘ಇನ್ನೊಮ್ಮೆ’ಯನ್ನು ಇಟ್ಟುಕೊಳ್ಳಬೇಕೋ ಕತ್ತರಿಸಬೇಕೋ ಎಂದು ಯೋಚಿಸುತ್ತ ಇಯರ್‌ಫೋನ್ ತೆಗೆದರೆ, ಕಂಡಕ್ಟರರ ಕಿಸೆಯಲ್ಲಿ ಫೋನು ಅದೇ ಮನುಷ್ಯನ ರಾಗದಲ್ಲಿ ಹಾಡತೊಡಗಿತ್ತು. ಅವರು “ಹಾಂ, ಹೇಳ್ರಿ” ಎಂದು ಎತ್ತಿಕೊಂಡರು. ಹೊರಗೆ ಎರೆ ಹೊಲದಲ್ಲಿ ಕಡಲೆ ಕಿತ್ತು ಬಣವೆ ಹಾಕಿದ್ದರು. ನನಗೆ ಇಂಥ ಕ್ಷಣಗಳು ರೂಢಿಯಾಗಿದ್ದವು. ಬೆಳಕಿದ್ದಾಗ, ಜನರ ನಡುವೆ, ಸತ್ತವರು ಹೀಗೆ ಸುತ್ತಾಡಿಕೊಂಡಿರುವುದರಲ್ಲಿ ವಿಶೇಷವಿಲ್ಲ ಅನ್ನಿಸುತ್ತಿತ್ತು.

ಕಳೆದ ಸಲದ ಯಾದಿಯಲ್ಲಿ ಮೂವರು ಒಂದೇ ಮನೆಯ ಅನ್ನ ಉಂಡವರು. ಈ ಸಂಗೀತ ನಿರ್ದೇಶಕರು, ಸಿನಿಮಾಗಳಲ್ಲಿ ತಾಯಿಯ ಪಾತ್ರ ಮಾಡುತ್ತಿದ್ದ ಒಬ್ಬ ನಟಿ, ಒಬ್ಬ ಹಾಸ್ಯನಟ. ಮೂವರೂ ಹರೆಯದಲ್ಲಿ ಒಂದು ನಾಟಕ ಕಂಪನಿಯಲ್ಲಿದ್ದರು. ಆ ಕಂಪನಿಗೆ ಹಾರ್ಮೋನಿಯಂ ನುಡಿಸಿ, ಹಾಡುಗಳಿಗೆ ರಾಗ ಹಾಕಿ ಕೊಡುತ್ತಿದ್ದ ಪೇಟಿ ಮಾಸ್ತರು ಈಗ ಸವಡಿಯಲ್ಲಿದ್ದರು. ಎಂಬತ್ತು ದಾಟಿತ್ತು. ಮಕ್ಕಳಿರಲಿಲ್ಲ. ಕಂಪನಿಯ ಕ್ಯಾಂಪು ಎಲ್ಲಿ ಬಿದ್ದರೂ ಮಾಸ್ತರ ಹೆಂಡತಿ ಬಿಡಾರದಲ್ಲಿ ಒಲೆ ಹೂಡಿ, ಇಂಥ ಹುಡುಗ ಹುಡುಗಿಯರಿಗೆಲ್ಲ ರೊಟ್ಟಿ ಬಡಿದು ಹಾಕಿದವರು. ಅವರನ್ನು ನಾನು ಆಯಿ ಎಂದು ಕರೆಯುತ್ತಿದ್ದೆ. ಎರಡು ವರ್ಷದ ಹಿಂದೆ ಹಳೆಯ ಫೋಟೊ ಕೇಳಲು ಹೋದವಳು, ಆಮೇಲೆ ತಿಂಗಳಿಗೊಮ್ಮೆಯಾದರೂ ಆ ಮನೆಗೆ ಹೋಗುತ್ತಿದ್ದೆ.

ಗಜೇಂದ್ರಗಡದ ಕಾರ್ಯಕ್ರಮಕ್ಕೆ ಇಬ್ಬರೂ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಅಂದು ನನ್ನಿಂದ ಒಂದು ತಪ್ಪಾಯಿತು. ನಟಿಯ ದನಿ ಒಂದು ಫೋನ್ ಸಂದರ್ಶನದ್ದು. ಅದರ ಮೊದಲ ಮಾತನ್ನು ಕತ್ತರಿಸುವುದು ಮರೆತುಹೋಗಿತ್ತು. ನಾನು ಓದಿ ಮುಗಿಸಿದೆ, ಅವರ ಹಣತೆ ಹಚ್ಚಿದರು, ಸ್ಪೀಕರಿನಿಂದ ಅವರ ದನಿ ಬಂತು: “ನನ್ನ ದನಿ ಕೇಳಸ್ತೈತೇನು?”

ಸಭೆಯೆಲ್ಲ ಒಂದೇ ದನಿಯಲ್ಲಿ ಅಂದಿತು: “ಕೇಳಸ್ತೈತ್ರಿ.”

ಆಮೇಲೆ ಯಾರೂ ನಗಲಿಲ್ಲ. ಕೆಮ್ಮಲೂ ಇಲ್ಲ. ಸ್ಪೀಕರಿನಲ್ಲಿ ಅವರು ತೃಪ್ತರಾದವರಂತೆ “ಹಾಂ, ಹಂಗಾರ ಹೇಳತೇನಿ” ಎಂದು ಮುಂದುವರಿಸಿದರು.

ಕಾರ್ಯಕ್ರಮ ಮುಗಿದ ಮೇಲೆ ಆಯಿ ನನ್ನ ಕೈ ಹಿಡಿದುಕೊಂಡರು. ನನ್ನ ದನಿಯನ್ನು ಹೊಗಳಿದರು. ಇವಳು ಬರೆಯುವಾಗ ಎಷ್ಟು ಅತ್ತಿರಬೇಕು, ಅತ್ತವರ ದನಿಯೇ ಬೇರೆ ಇರುತ್ತದೆ ಎಂದು ಪಕ್ಕದವರಿಗೂ ಹೇಳಿದರು. ಆ ದನಿ ಅಳುವಿನಿಂದ ಬಂದದ್ದಲ್ಲ. ಮೈಕಿಗೆ ತೀರ ಹತ್ತಿರ ನಿಂತರೆ ಉಸಿರು ಗಿಡ್ಡವಾಗುತ್ತದೆ. ವಾಕ್ಯದ ಕೊನೆಯ ಕ್ರಿಯಾಪದಕ್ಕೆ ಮುಂಚೆ ತುಸು ನಿಂತರೆ ನಡುಗಿದ ಹಾಗೆ ಕೇಳುತ್ತದೆ. ನಾನು ಅಳುವವಳಲ್ಲ. ಅಪ್ಪ ಹೋದಾಗಲೂ ಎಲ್ಲರ ಎದುರು ಕಣ್ಣೀರು ಬರಲಿಲ್ಲ. “ಭಾಳ ಕಲತಾಳಲ್ಲ, ಅಳೂದು ಸಿಲೆಬಸ್ಸಿನ್ಯಾಗ ಇರಲಿಲ್ಲ ಕಾಣ್ತೈತಿ” ಎಂದು ಅತ್ತೆಯೊಬ್ಬರು ಆಡಿದ ಮಾತು ಇವತ್ತಿಗೂ ನಮ್ಮ ಬಳಗದಲ್ಲಿ ಓಡಾಡುತ್ತದೆ.

ಅದಾದ ಆರೇಳು ವಾರಕ್ಕೆ, ಒಂದು ಶನಿವಾರ ಬೆಳಿಗ್ಗೆ, ನಾನು ರೋಣದ ಬಸ್‌ಸ್ಟ್ಯಾಂಡಿನಲ್ಲಿ ನರಗುಂದದ ಬಸ್ಸಿಗೆ ಕಾಯುತ್ತಿದ್ದೆ. ಆಯಿಯ ಫೋನು ಬಂತು.

“ಇವರು ಹೋಗಿಬಿಟ್ರವಾ. ನಿನಗಷ್ಟ ಹೇಳೇನಿ.”

ನನ್ನ ಬಾಯಿಂದ ಬಂದ ಮೊದಲ ಮಾತು “ಎಷ್ಟೊತ್ತಿಗ್ರೀ?” ಎಂಬುದು. ಪುಟದಲ್ಲಿ ಅದನ್ನು ಬರೆಯಬೇಕಾಗುತ್ತದಲ್ಲ. ಈಗ ಬರುವುದು ಬೇಡ, ಸಂಜೆಗೆ ತಾವೇ ಫೋನು ಮಾಡುವುದಾಗಿ ಆಯಿ ಹೇಳಿ ಇಟ್ಟರು. ಅದು ವಿಚಿತ್ರವೆನ್ನಿಸಿತು. ಆದರೆ ಸಾವಿನ ಮನೆಯವರ ಮಾತಿನಲ್ಲಿ ತರ್ಕ ಹುಡುಕಬಾರದು ಅಂದುಕೊಂಡೆ. ಬಸ್ಸು ಬಂತು, ಕಿಟಕಿ ಪಕ್ಕ ಜಾಗ ಸಿಕ್ಕಿತು. ಫೋನಿನಲ್ಲಿ ಮಾಸ್ತರ ಪುಟ ತೆರೆದೆ. ‘ನುಡಿಸುತ್ತಾರೆ’ಯನ್ನು ‘ನುಡಿಸುತ್ತಿದ್ದರು’ ಮಾಡಿದೆ. ‘ಸವಡಿಯಲ್ಲಿದ್ದಾರೆ’ಯನ್ನು ‘ಸವಡಿಯಲ್ಲಿದ್ದರು’ ಮಾಡಿದೆ. ಬಸ್ಸು ಊರ ಹೊರಗಿನ ಇಳಿಜಾರು ಇಳಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೆಲಸ ಮುಗಿದಿತ್ತು. ನರಗುಂದದಲ್ಲಿ ಕಿರುಪರೀಕ್ಷೆ ನಡೆಸಿದೆ, ಊಟ ಮಾಡಿದೆ, ಬಂದೆ. ಎದೆಯಲ್ಲಿ ಭಾರವಿತ್ತು. ಕಣ್ಣು ಒಣಗಿಯೇ ಇತ್ತು.

ಸಂಜೆ ಹೊತ್ತು ಮುಳುಗುವ ಮುಂಚೆ ಆಯಿ ಮತ್ತೆ ಫೋನು ಮಾಡಿದರು. ದನಿ ಹಗುರಾಗಿತ್ತು.

“ಅತ್ತೇನವಾ?”

ಯಾಕೆ ಕೇಳುತ್ತಿದ್ದಾರೆಂದು ತಿಳಿಯಲಿಲ್ಲ. ಹೂಂ, ಅತ್ತೆ ಅಂದೆ. ಬಾಯಿಗೆ ಬಂದ ಸೌಜನ್ಯದ ಮಾತು ಅದು. ಆಯಿ ದೊಡ್ಡ ನಿಟ್ಟುಸಿರು ಬಿಟ್ಟು, ಮಾಸ್ತರು ಹಿತ್ತಲಲ್ಲಿ ಕುಳಿತು ಚಾ ಕುಡಿಯುತ್ತಿದ್ದಾರೆ ಅಂದರು.

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ನನಗೆ ಮಾತ್ರ ಆ ದಿನ ಹೊಳೆದಿರಲಿಲ್ಲ. ಕಾಗೆ ಬಂದು ಮನುಷ್ಯನ ತಲೆ ಬಡಿದರೆ ಸಾವು ಬಾಗಿಲಿಗೆ ಬಂತು ಎಂದರ್ಥ. ಅದನ್ನು ಹೊರಳಿಸಲು ದಾರಿ ಒಂದೇ. ಮನೆಯ ಹೊರಗಿನ, ಅವರ ಮೇಲೆ ಜೀವವಿರುವ ಯಾರಿಗಾದರೂ, ಅವರು ಸತ್ತರೆಂದು ಸುಳ್ಳು ಸುದ್ದಿ ಮುಟ್ಟಿಸಬೇಕು. ಸುದ್ದಿ ಕೇಳಿದವರು ಅದನ್ನು ನಂಬಿ ಅಳಬೇಕು. ಆ ಕಣ್ಣೀರಿನೊಡನೆ, ಬಾಗಿಲಿಗೆ ಬಂದ ಸಾವು ತೀರಿಹೋಗುತ್ತದೆ. ಹೊತ್ತು ಮುಳುಗುವುದರೊಳಗೆ ನಿಜ ಹೇಳಿಬಿಡಬೇಕು. ಅಂದು ಬೆಳಿಗ್ಗೆ ಮಾಸ್ತರು ಬಿಸಿಲಿಗೆ ಕುಳಿತಿದ್ದಾಗ ಕಾಗೆಯೊಂದು ಎರಡು ಸಲ ತಲೆಗೆ ಬಡಿದು ಹೋಗಿತ್ತಂತೆ.

“ಯಾರಿಗೆ ಹೇಳಲವಾ?” ಅಂದರು ಆಯಿ. “ಅವರ ಸಲುವಾಗಿ ಅಳೂ ಮಂದಿ ಎಲ್ಲಾ ನಿನ್ನ ಯಾದಿಯೊಳಗ ಅದಾರ. ಉಳದಾಕಿ ನೀ ಒಬ್ಬಾಕಿ.”

ಮರುದಿನ ಭಾನುವಾರ ಸವಡಿಗೆ ಹೋದೆ. ಮಾಸ್ತರು ಪಡಸಾಲೆಯಲ್ಲಿ ಗೋಡೆಗೆ ಒರಗಿ, ಕಾಲು ಮಡಚಿ ಕುಳಿತಿದ್ದರು. ಎದುರಿಗೆ ಪೇಟಿ.

“ಬಾ ಬಾ, ಸತ್ತವನ್ನ ನೋಡಾಕ ಬಂದಿ” ಅಂದರು. ಕಾಗೆಗೂ ಪೇಟಿ ಕಲಿಯುವ ಮನಸ್ಸಾಗಿತ್ತೇನೋ, ಕಾಲಿಗೆ ಬೀಳುವುದು ಬಿಟ್ಟು ತಲೆಗೆ ಬಿತ್ತು ಎಂದು ಚೇಷ್ಟೆ ಮಾಡಿದರು. ಆಯಿ ಒಳಗೆ ಚಾ ಇಡುತ್ತಿದ್ದರು. ಮಾಸ್ತರು ತುಸು ಬಾಗಿ, ದನಿ ತಗ್ಗಿಸಿ ಹೇಳಿದರು, “ನನ್ನ ಮ್ಯಾಲೆ ಬರದಿರತಿ ನೀನು. ಓದು ನೋಡೂಣು.”

ನಾನು ಹಿಂದೇಟು ಹಾಕಿದೆ. ಅವರು ಬಿಡಲಿಲ್ಲ. ಇಷ್ಟು ಮಂದಿಯ ಮೇಲೆ ಬರೆದದ್ದು ಕೇಳಿದ್ದೇನೆ, ನನ್ನ ಸರದಿಗೆ ನಾನು ಇರುವುದಿಲ್ಲವಲ್ಲ ಅಂದರು. ಫೋನು ತೆಗೆದು ಓದತೊಡಗಿದೆ. ಹಿಂದಿನ ದಿನ ತಿದ್ದಿದ್ದು ಹಾಗೆಯೇ ಇತ್ತು. ಎದುರಿಗೆ ಕುಳಿತು ಉಸಿರಾಡುತ್ತಿರುವ ಮನುಷ್ಯನಿಗೆ ‘ಅವರು ಮೃದು ಮಾತಿನವರಾಗಿದ್ದರು’ ಎಂದು ಓದಿ ಹೇಳುವಾಗ ನಾಲಿಗೆ ತೊಡರಿತು. ಮಾಸ್ತರು ಕಣ್ಣು ಮುಚ್ಚಿ ಕೇಳುತ್ತಿದ್ದರು. ‘ಅವರ ಎಡಗೈ ಪೇಟಿಗೆ ಗಾಳಿ ಹಾಕುತ್ತಿರಲಿಲ್ಲ, ಪೇಟಿಯ ಪರವಾಗಿ ಉಸಿರಾಡುತ್ತಿತ್ತು’ ಎಂಬ ಸಾಲು ಬಂದಾಗ ತಮ್ಮ ಎಡಗೈ ಎತ್ತಿ ಹಿಂದುಮುಂದು ಮಾಡಿ ನೋಡಿಕೊಂಡರು.

“ಚಲೋ ಮನಷ್ಯಾ ಇದ್ನಲ್ಲ ಆತ” ಅಂದರು.

ಆಮೇಲೆ ಒಂದು ತಪ್ಪು ಹಿಡಿದರು. ತಾಯಿಯ ಪಾತ್ರದ ಆ ನಟಿ ಪೇಟಿಯ ಐದನೆಯ ಬಿಳಿ ಮಣೆಯ, ಅಂದರೆ ಬಿಳಿ ಐದರ, ಶ್ರುತಿಯಲ್ಲಿ ಹಾಡುತ್ತಿದ್ದರು ಎಂದು ಬರೆದಿದ್ದೆ. “ಅಕಿ ದನಿ ಕರಿ ನಾಕು. ತಿದ್ದು” ಅಂದರು. ಹೇಳಿ, ಪೇಟಿ ತೆರೆದು ಆ ಕರಿ ಮಣೆಯನ್ನು ಒತ್ತಿ ಹಿಡಿದರು. ಸ್ವರ ಬಹಳ ಹೊತ್ತು ನಿಂತಿತು. ಯಾರೋ ಹಾಡು ಎತ್ತಿಕೊಳ್ಳಲಿ ಎಂದು ಕಾಯುತ್ತಿರುವಂತೆ ನಿಂತಿತು. ಅವರ ಕಣ್ಣು ನನ್ನ ಹಿಂದಿನ ಬಾಗಿಲ ಕಡೆಗಿತ್ತು. ತಿರುಗಿ ನೋಡುವ ಧೈರ್ಯವಾಗದೆ ನಾನು ಬಿಳಿ ಐದನ್ನು ಅಳಿಸಿ ಕರಿ ನಾಲ್ಕು ಎಂದು ಬರೆದೆ.

ತಿರುಗಿದಾಗ ಬಾಗಿಲಲ್ಲಿ ಆಯಿ ಚಾದ ತಾಟು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಇದನ್ನ ಯಾವಾಗ ಬರದಿ?”

ಎರಡು ವರ್ಷದ ಹಿಂದೆ ಎಂದೆ. ಮೊದಲ ಸಲ ಈ ಮನೆಗೆ ಬಂದು ಹೋದ ವಾರ. ಸುಳ್ಳು ಹೇಳುವುದು ಆಗಲಿಲ್ಲ.

“ಅಂದ್ರ, ನಮ್ಮನಿ ಚಾ ಕುಡದು ಹೋಗಿ ಇದನ್ನ ಬರದಿ.” ಆಯಿಯ ದನಿ ಏರಲಿಲ್ಲ. “ಹಂಗಾರ ನಿನ್ನಿ ಏನ್ ಮಾಡಿದಿ?”

“ಇದ್ದಾರ ಅಂತ ಇದ್ದದ್ದನ್ನ ಇದ್ದರು ಅಂತ ತಿದ್ದಿದೆನ್ರಿ.”

“ಅಳಲಿಲ್ಲ?”

“ಇಲ್ರಿ.”

ಆಯಿ ತಾಟು ಕೆಳಗಿಟ್ಟರು. ನಿನ್ನೆ ಹೊತ್ತಿರುವಾಗಲೇ ನೀನು ನಿಜ ಹೇಳಿದ್ದರೆ ಜಕ್ಕಲಿಯ ಬಳೆಗಾರ್ತಿಗಾದರೂ ಸುದ್ದಿ ಮುಟ್ಟಿಸುತ್ತಿದ್ದೆ, ಅವಳು ಹಾದಿಯ ಹೆಣಕ್ಕೂ ಅಳುವವಳು ಅಂದರು. ಈಗ ಹೊತ್ತು ಮುಳುಗಿ ಹೋಗಿದೆ. ಇನ್ನು ಹೇಳಿದರೂ ನಡೆಯುವುದಿಲ್ಲ. ಬೈಯಲಿಲ್ಲ. ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಬೆನ್ನು ಹಾಕಿ ಕುಳಿತರು. ಮಾಸ್ತರು ನನಗೆ ಕಣ್ಣಿನಲ್ಲೇ ಸುಮ್ಮನಿರು ಎಂದು ಸನ್ನೆ ಮಾಡಿ, ಪೇಟಿ ಮುಚ್ಚಿದರು.

ನಾನು ಇಂಥದ್ದನ್ನು ನಂಬುವವಳಲ್ಲ. ಎಂಬತ್ತು ದಾಟಿದವರು ಯಾವತ್ತಾದರೂ ಹೋಗಬಹುದು. ಕಾಗೆಗೂ ಅದಕ್ಕೂ ನಂಟಿಲ್ಲ. ಹೀಗೆ ಎಷ್ಟು ಸಲ ಹೇಳಿಕೊಂಡೆನೋ. ಆದರೂ ಮುಂದಿನ ದಿನಗಳಲ್ಲಿ ಪ್ರತಿ ಬೆಳಿಗ್ಗೆ ಸವಡಿಗೆ ಫೋನು ಮಾಡತೊಡಗಿದೆ. ಆಯಿ ಎತ್ತಿ, ಮಾತಾಡದೆ, ಫೋನನ್ನು ಪೇಟಿಯ ಕಡೆ ಹಿಡಿಯುತ್ತಿದ್ದರು. ಒಂದು ಸ್ವರ ಕೇಳಿಸುತ್ತಿತ್ತು. ಅಷ್ಟೇ ಉತ್ತರ. ಒಮ್ಮೆ ಸ್ವರ ಬರುವುದು ತಡವಾಯಿತು. ಆ ಹೊತ್ತಿನಲ್ಲಿ ಫೋನಿನೊಳಗೆ ಕೇಳಿಸಿದ ಬರೀ ಗಾಳಿಯ ಸದ್ದು, ನಾನು ಸತ್ತವರ ತುಣುಕುಗಳಲ್ಲಿ ಕೇಳುತ್ತಿದ್ದ ಉಸಿರಿನಂತೆಯೇ ಇತ್ತು.

ಅಳಲು ಪ್ರಯತ್ನಪಟ್ಟೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಕೋಣೆಯ ಬಾಗಿಲು ಹಾಕಿಕೊಂಡು ಆ ಪುಟವನ್ನು ಓದಿಕೊಂಡೆ. ವಾಕ್ಯದ ಕೊನೆಯಲ್ಲಿ ದನಿ ತಾನಾಗಿ ನಡುಗಿತು, ಕಲಿತ ವಿದ್ಯೆ. ಕಣ್ಣಿಗೆ ಅದು ತಿಳಿಯಲಿಲ್ಲ. ಅವ್ವ ಹೊರಗಿನಿಂದ ಏನು ಓದುತ್ತಿದ್ದೀ ಎಂದು ಕೇಳಿದಳು. ಅರ್ಧಂಬರ್ಧ ಹೇಳಿದೆ. ಕಣ್ಣೀರೇ ಬೇಕಾದರೆ ಚೀಲದಲ್ಲಿ ಉಳ್ಳಾಗಡ್ಡಿ ಇದೆ, ಬಂದು ಹೆಚ್ಚು, ಸಾರಿಗೂ ಆಗುತ್ತದೆ ಅಂದಳು. ಪುಟದ ಕ್ರಿಯಾಪದಗಳನ್ನೆಲ್ಲ ಮತ್ತೆ ಮೊದಲಿನಂತೆ ಮಾಡಿದೆ. ‘ಇದ್ದಾರೆ.’ ‘ನುಡಿಸುತ್ತಾರೆ.’ ಇದಕ್ಕೂ ಹನ್ನೆರಡು ನಿಮಿಷವೇ ಹಿಡಿಯಿತು. ಆದರೆ ಒಮ್ಮೆ ಸತ್ತು ಬಂದ ವಾಕ್ಯಗಳು ಓದಲು ಬೇರೆಯಾಗಿದ್ದವು. ಏನು ಬೇರೆ ಎಂದು ಕೇಳಿದರೆ ತೋರಿಸಲಾರೆ.

ಇಪ್ಪತ್ತನೆಯ ದಿನವೋ ಇಪ್ಪತ್ತೊಂದನೆಯ ದಿನವೋ, ನರಗುಂದದ ಕಾಲೇಜಿನಲ್ಲಿ ಮಧ್ಯಾಹ್ನದ ಊಟದ ಡಬ್ಬಿ ತೆರೆದಿದ್ದೆ. ಆಯಿಯ ಫೋನು.

“ಇವರು ಹೋಗಿಬಿಟ್ರವಾ. ನಿನಗಷ್ಟ ಹೇಳೇನಿ.”

ಅವೇ ಮಾತು. ಅದೇ ದನಿ. ನನಗೆ ಮೊದಲು ಅನ್ನಿಸಿದ್ದು ಒಂದೇ: ಮತ್ತೆ ಕಾಗೆ ಬಡಿದಿದೆ. ಆಯಿ ನನಗೆ ಇನ್ನೊಂದು ಅವಕಾಶ ಕೊಡುತ್ತಿದ್ದಾರೆ. ಆ ಸಮಾಧಾನಕ್ಕೇ ಇರಬೇಕು, ಕಣ್ಣು ತುಂಬಿತು, ಮೂವರು ಸಹೋದ್ಯೋಗಿಗಳ ಎದುರಿಗೆ ನಾನು ಜೋರಾಗಿ ಅಳತೊಡಗಿದೆ. ಯಾರೋ ನೀರು ಕೊಟ್ಟರು. ರಜೆಯ ಚೀಟಿಯನ್ನೂ ಅವರೇ ಬರೆದರು. ಬಸ್ಸಿನಲ್ಲಿಯೂ ನಿಲ್ಲಿಸಲಿಲ್ಲ; ನಿಲ್ಲಿಸಬಾರದೆಂದೇ ನಿಲ್ಲಿಸಲಿಲ್ಲ. ಹೊತ್ತು ಮುಳುಗುವ ತನಕ ಅಳುತ್ತಲೇ ಇದ್ದರೆ ಲೆಕ್ಕ ಚೊಕ್ಕವಾಗುತ್ತದೆ ಎಂಬ ಹಟ. ಮಗ್ಗುಲಲ್ಲಿ ಅಸೂಟಿಯ ಕಡೆಯ ಹೆಂಗಸೊಬ್ಬರು ಕುಳಿತಿದ್ದರು. ಬೆನ್ನು ಸವರುತ್ತ ಕೇಳಿದರು, “ಯಾರ ಹೋಗ್ಯಾರವಾ?”

“ಯಾರೂ ಹೋಗಿಲ್ರಿ” ಅಂದೆ.

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಮುಂದಿನ ಸೀಟಿನಲ್ಲಿ ಕುಳಿತರು.

ರೋಣದಲ್ಲಿ ಬಸ್ಸು ಬದಲಿಸಿ ಸವಡಿಯಲ್ಲಿ ಇಳಿದಾಗ ಇನ್ನೂ ಒಳ್ಳೆಯ ಬಿಸಿಲಿತ್ತು. ಓಣಿಯ ತಿರುವಿನಿಂದಲೇ ಮಾಸ್ತರು ಕಂಡರು. ಮನೆಯ ಮುಂದೆ, ಕಟ್ಟೆಯ ಮೇಲೆ, ಗೋಡೆಗೆ ಒರಗಿ ಕಾಲು ಮಡಚಿ ಕುಳಿತಿದ್ದರು. ಎದುರಿಗೆ ಪೇಟಿ. ನಾನು ಕಣ್ಣೀರಿನಲ್ಲೇ ನಕ್ಕೆ. ಹೆಜ್ಜೆ ಜೋರು ಮಾಡಿದೆ. ಇನ್ನೇನು ಹತ್ತಿರ ಬಂದಾಗ ಹಣೆಯ ತುಂಬ ವಿಭೂತಿ ಕಂಡಿತು. ತಲೆ ಬಾಗದಂತೆ ಗದ್ದದ ಕೆಳಗಿನಿಂದ ಕಟ್ಟಿದ ಬಿಳಿ ಅರಿವೆ ಕಂಡಿತು. ನಮ್ಮಲ್ಲಿ ಹೆಣವನ್ನು ಕೂಡ್ರಿಸುತ್ತಾರೆ. ಭಜನೆಯವರು ಬಂದು ಕೆಳಗೆ ಕುಳಿತಿದ್ದರು, ಇನ್ನೂ ತಾಳ ಎತ್ತಿರಲಿಲ್ಲ.

ಆಯಿ ಮಾಸ್ತರ ಮಗ್ಗುಲಿಂದ ಎದ್ದು ಬಂದರು. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿದರು. ಹೆಬ್ಬೆರಳಿನಿಂದ ಕಣ್ಣ ಕೆಳಗೆ ಸವರಿ, ಬೆರಳನ್ನು ನೋಡಿದರು.

“ನರಗುಂದದಿಂದನ ಅತಗೊಂತ ಬಂದೇನು?”

“ಹೂಂನ್ರಿ.”

ಅವರು ತಿರುಗಿ ಕಟ್ಟೆಯ ಕಡೆ ಮುಖ ಮಾಡಿದರು. ಕಿವಿ ಮಂದವಾದವರಿಗೆ ಹೇಳುವಂತೆ, ತುಸು ಗಟ್ಟಿಯಾಗಿ ಹೇಳಿದರು:

“ಈಗ ಅತ್ತಾಳ ನೋಡ್ರಿ.”

ಭಜನೆಯವರು ತಲೆ ಎತ್ತಿದರು. ಆಯಿ ನನ್ನ ಕೈ ಬಿಡಲಿಲ್ಲ. ಹೊತ್ತು ಮುಳುಗಲು ಇನ್ನೂ ಒಂದು ತಾಸಾದರೂ ಇತ್ತು. ನಾವಿಬ್ಬರೂ ಮಾಸ್ತರ ಮುಖವನ್ನೇ ನೋಡುತ್ತ ನಿಂತೆವು.